ಗಾಡಿ ನಿಂತ ಹೊತ್ತಿಗೂ ಲೆಕ್ಕ ಇಡಿ

ಮಾನ್ಯ ಸಂಪಾದಕರೇ,

ಸೇಡಂ–ಕಲಬುರಗಿ ರಸ್ತೆಯ ಬದಿಯಲ್ಲಿ ರಾತ್ರಿ ಹೊತ್ತು ಲಾರಿಗಳನ್ನು ಸಾಲಾಗಿ ನಿಲ್ಲಿಸುತ್ತಾರೆ, ಬೈಕಿನವರ ಜೀವಕ್ಕೆ ಕುತ್ತು ತರುತ್ತಾರೆ, ಈ ಡ್ರೈವರ್‌ಗಳಿಗೆ ಬುದ್ಧಿ ಇಲ್ಲವೇ ಎಂದು ಓದುಗರೊಬ್ಬರು ಕಳೆದ ವಾರ ನಿಮ್ಮ ಪತ್ರಿಕೆಗೆ ಬರೆದಿದ್ದರು. ಆ ಸಾಲಿನಲ್ಲಿ ನಿಲ್ಲುವವರಲ್ಲಿ ನಾನೂ ಒಬ್ಬ. 22 ವರ್ಷದಿಂದ ಗಾಡಿ ಓಡಿಸುತ್ತಿದ್ದೇನೆ. ಅವರು ಬರೆದದ್ದು ಸುಳ್ಳಲ್ಲ.

ಮೊದಲು ನಮ್ಮ ತಪ್ಪು ಹೇಳಿಬಿಡುತ್ತೇನೆ. ಗಾಡಿ ಕೆಟ್ಟು ನಿಂತರೆ ಹಿಂದೆ ನಾಲ್ಕು ಕಲ್ಲು ಇಡುತ್ತೇವೆ. ರಿಪೇರಿ ಆದ ಮೇಲೆ ಕಲ್ಲು ಅಲ್ಲೇ ಬಿಟ್ಟು ಹೋಗುತ್ತೇವೆ. ನಮ್ಮ ಕಡೆ ಕಲ್ಲಿಗೇನು ಬರವಿಲ್ಲ, ಎಲ್ಲಿ ಕೈ ಹಾಕಿದರೂ ಒಂದು ಫರ್ಸಿ ಕಲ್ಲಿನ ತುಂಡು ಸಿಗುತ್ತದೆ. ಕತ್ತಲಲ್ಲಿ ಬೈಕಿನವನು ಅದಕ್ಕೆ ಬಡಿದರೆ ಏನು ಗತಿ ಎಂಬ ಯೋಚನೆ ಹುಡುಗುತನದಲ್ಲಿ ನನಗೂ ಬಂದಿರಲಿಲ್ಲ. ರಿಫ್ಲೆಕ್ಟರ್ ಕಿತ್ತುಹೋದ, ಇಲ್ಲವೇ ಸಿಮೆಂಟ್ ಧೂಳಿನಲ್ಲಿ ಮುಚ್ಚಿಹೋದ ಗಾಡಿಗಳೂ ಬೇಕಾದಷ್ಟಿವೆ. ಒಂದು ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಮುಗೀತು. ಅಷ್ಟೂ ಮಾಡದವನ ಪರವಾಗಿ ನಾನು ವಾದ ಮಾಡುವುದಿಲ್ಲ.

ಆದರೆ ಆ ಲಾರಿಗಳು ಅಲ್ಲಿ ಯಾಕೆ ನಿಲ್ಲುತ್ತವೆ ಅಂತ ಯಾರೂ ಕೇಳುವುದಿಲ್ಲ. ಸೇಡಂ, ಚಿತ್ತಾಪುರ, ವಾಡಿ ಕಡೆ ಸುಣ್ಣದ ಕಲ್ಲಿನ ನೆಲ, ಸಿಮೆಂಟ್ ಕಾರ್ಖಾನೆಗಳು ಜಾಸ್ತಿ. ದಿನಕ್ಕೆ ಎಷ್ಟು ಗಾಡಿ ತುಂಬಲು ಆಗುತ್ತದೋ ಅದಕ್ಕಿಂತ ಜಾಸ್ತಿ ಗಾಡಿ ಕಾರ್ಖಾನೆಯವರು ಕರೆಸಿಟ್ಟುಕೊಳ್ಳುತ್ತಾರೆ. ಕಾದು ನಿಂತ ಗಾಡಿಯಿಂದ ಅವರಿಗೆ ಖರ್ಚಿಲ್ಲವಲ್ಲ. ಯಾರ್ಡ್ ತುಂಬಿದ ಮೇಲೆ ಗೇಟಿನವನು ಕೈ ತೋರಿಸುವುದು ರಸ್ತೆ ಕಡೆಗೇ.

ಮೊನ್ನೆ ಮೊನ್ನೆಯ ಒಂದು ಟ್ರಿಪ್ಪಿನ ಕಥೆ ಹೇಳುತ್ತೇನೆ. ಕಾರ್ಖಾನೆ ಯಾವುದು, ಟ್ರಾನ್ಸ್‌ಪೋರ್ಟ್ ಆಫೀಸು ಯಾವುದು ಅಂತ ಬರೆಯುವುದಿಲ್ಲ. ನಾಳೆ ನನಗೆ ಲೋಡ್ ಬೇಕು.

ಗುರುವಾರ ಬೆಳಿಗ್ಗೆ 6ಕ್ಕೆ ಗೇಟಿಗೆ ಹೋಗಿ ಟೋಕನ್ ತಗೊಂಡೆ. ಪುಣೆ ಕಡೆಯ ಒಂದು ಗೋದಾಮಿಗೆ 360 ಚೀಲ. ಹತ್ತು ಚಕ್ರದ ಗಾಡಿ. ಸಂಜೆಯೊಳಗೆ ಲೋಡ್ ಆಗುತ್ತದೆ ಎಂದರು. ಆಗಲಿಲ್ಲ. ಸಾಲಿನಲ್ಲಿ ಪಾಳಿಗೆ ನಿಲ್ಲುವುದು ಎಂದರೆ ಮಲಗಿ ಕಾಯುವುದು ಅಂತ ಹೊರಗಿನವರು ತಿಳಿದಿರುತ್ತಾರೆ. ಹಾಗಲ್ಲ. ಅರ್ಧ ಗಂಟೆಗೊಮ್ಮೆ, ಮುಕ್ಕಾಲು ಗಂಟೆಗೊಮ್ಮೆ ಮುಂದಿನ ಗಾಡಿ ಎರಡು ಮಾರು ಸರಿಯುತ್ತದೆ, ನೀನೂ ಸರಿಯಬೇಕು, ಕಣ್ಣು ಹತ್ತಿ ನೀನು ಸರಿಯದಿದ್ದರೆ ಹಿಂದಿನವನು ಪಕ್ಕದಿಂದ ನುಗ್ಗುತ್ತಾನೆ, ಆಮೇಲೆ ಜಗಳ. ಮೊದಲು ಜೊತೆಗೆ ಕ್ಲೀನರ್ ಹುಡುಗ ಇರುತ್ತಿದ್ದ, ಅವನು ಎಬ್ಬಿಸುತ್ತಿದ್ದ. ಈಗ ಎಷ್ಟೋ ಗಾಡಿಗಳಲ್ಲಿ ಡ್ರೈವರ್ ಒಬ್ಬನೇ. ಮನೆಯಿಂದ ತಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಶುಕ್ರವಾರ ಮಧ್ಯಾಹ್ನಕ್ಕೆ ಮುಗಿಯಿತು. ಲೋಡ್ ಆಗಿ, ಕಾಟಾದಲ್ಲಿ ತೂಕ ಮಾಡಿಸಿ, ತಾಡಪತ್ರಿ ಬಿಗಿದು, ಬಿಲ್ಟಿ ಅಂದರೆ ಸಾಗಿಸುವ ಮಾಲಿನ ರಸೀದಿ ಕೈಗೆ ಬಂದಾಗ ಶುಕ್ರವಾರ ರಾತ್ರಿ ಹನ್ನೊಂದೂವರೆ. ಅಂದರೆ ನಲವತ್ತೊಂದೂವರೆ ಗಂಟೆ.

ಬಿಲ್ಟಿ ಜೊತೆಗೇ ಡಿಸ್ಪ್ಯಾಚ್ ನೋಡುವ ಹುಡುಗನ ಫೋನು. "ಕಾಕಾ, ನಾಳಿ ನಾಕು ಗಂಟಿ ಒಳಗ ಮುಟ್ಟಲೇಬೇಕು ನೋಡ್ರಿ. ಪಾರ್ಟಿ ಕುಂತಾರ."

ಸುಮಾರು 420 ಕಿಲೋಮೀಟರ್. ಅಕ್ಕಲಕೋಟ ದಾಟಿ, ಸೊಲ್ಲಾಪುರ ದಾಟಿ, ಇಂದಾಪುರದ ಹತ್ತಿರ ಒಂದು ಕಡೆ ಗಾಡಿ ಬದಿಗೆ ಹಾಕಿದೆ. ಮತ್ತೆ ಫೋನು. "ಕಾಕಾ, ಗಾಡಿ ಯಾಕ ನಿಂತದ? ಮ್ಯಾಪಿನಾಗ ಇಪ್ಪತ್ತು ನಿಮಿಷದಿಂದ ಹಂಗೇ ತೋರಸ್ಲತ್ತದ." "ತಮ್ಮಾ, ಹೊರಕಡಿಗಿ ಕುಂತೀನಿ" ಅಂದೆ. ಅವನೂ ನಕ್ಕ. ಒಳ್ಳೆಯ ಹುಡುಗ, ಅವನ ಮೇಲೆ ಅವನ ಮಾಲೀಕ ಕೂತಿರುತ್ತಾನೆ.

ಶನಿವಾರ 3 ಗಂಟೆ 40 ನಿಮಿಷಕ್ಕೆ ಗೋದಾಮಿನ ಮುಂದೆ ನಿಂತೆ. ವಾಚ್‌ಮನ್ ಬಿಲ್ಟಿ ನೋಡಿ, ಇವತ್ತು ಹಮಾಲರು ಹೋಗಿಬಿಟ್ಟರು, ನಾಳೆ ಭಾನುವಾರ, ಸೋಮವಾರ ಬಾ ಅಂದ. ಪಾರ್ಟಿ, ಅಂದರೆ ಮಾಲು ತರಿಸಿಕೊಂಡವರು, ಎಲ್ಲೂ ಕೂತಿರಲಿಲ್ಲ. ಸೋಮವಾರ ಮಧ್ಯಾಹ್ನ 2ಕ್ಕೆ ಗಾಡಿ ಖಾಲಿಯಾಯಿತು. ಎರಡು ಚೀಲ ಹರಿದಿದ್ದವು, ಅದು ನನ್ನ ಲೆಕ್ಕಕ್ಕೆ.

ಇನ್ನೊಂದು ಮಾತು ಬರೆಯಲೇಬೇಕು. ಇಂದಾಪುರದಲ್ಲಿ ಇಪ್ಪತ್ತು ನಿಮಿಷ ನಿಂತಿದ್ದನ್ನು ತೋರಿಸಿದ ಅದೇ ಮ್ಯಾಪು, ಗೋದಾಮಿನ ಮುಂದೆ 46 ಗಂಟೆ ನಿಂತಿದ್ದನ್ನೂ ತೋರಿಸಿರಬೇಕು, ಅಲ್ವಾ? ಆ 46 ಗಂಟೆಯಲ್ಲಿ ಒಂದು ಫೋನೂ ಬರಲಿಲ್ಲ.

ಮನೆಗೆ ಬಂದ ಮೇಲೆ ಮಗಳ ಜೊತೆ ಕೂತು ಲೆಕ್ಕ ಹಾಕಿದೆ. ಗುರುವಾರ ಬೆಳಿಗ್ಗೆಯಿಂದ ಸೋಮವಾರ ಮಧ್ಯಾಹ್ನದವರೆಗೆ 104 ಗಂಟೆ. ಅದರಲ್ಲಿ ದಾರಿಯ ಮೇಲಿದ್ದದ್ದು 16 ಗಂಟೆ ಚಿಲ್ಲರೆ. ಬತ್ತಾ, ಅಂದರೆ ದಾರಿ ಖರ್ಚಿನ ದುಡ್ಡು, ಬರುವುದು ಟ್ರಿಪ್ಪಿಗೆ ಇಷ್ಟು ಅಂತ. ಉಳಿದ 88 ಗಂಟೆ ಊಟ, ಚಹಾ, ಸ್ನಾನಕ್ಕೆ ಕೊಟ್ಟ ದುಡ್ಡು ಎಲ್ಲಾ ಅದೇ ಬತ್ತಾದಿಂದ ಹೋಗಬೇಕು. ಹಾಲ್ಟಿಂಗ್, ಅಂದರೆ ಗಾಡಿ ಕಾಯಿಸಿದ್ದಕ್ಕೆ ದುಡ್ಡು, ಕೇಳಿದರೆ ಮಾಲೀಕರು ಟ್ರಾನ್ಸ್‌ಪೋರ್ಟಿನವರನ್ನು ತೋರಿಸುತ್ತಾರೆ. ಅವರು ಪಾರ್ಟಿಯನ್ನು ತೋರಿಸುತ್ತಾರೆ. ಪಾರ್ಟಿಯವರು, ನಿಮ್ಮ ಗಾಡಿ ಎಷ್ಟು ಹೊತ್ತಿಗೆ ಬಂತು ಅನ್ನೋದಕ್ಕೆ ಏನು ಸಾಕ್ಷಿ ಅಂತ ಕೇಳುತ್ತಾರೆ. ನನ್ನ ಮಾಲೀಕರದ್ದೂ ಎರಡೇ ಗಾಡಿ, ಸಾಲದ ಕಂತು ಕಟ್ಟಿ ಸಾಕಾಗಿದ್ದಾರೆ. ಅವರನ್ನು ಬೈದು ನನಗೇನು ಸಿಗುತ್ತದೆ?

ಕಾನೂನು ಇಲ್ಲವೇ ಅಂದರೆ, ಇದೆ. ಮಾಲಿನ ಜೊತೆ ಇರಬೇಕಾದ ಜಿಎಸ್‌ಟಿಯ ಕಾಗದ, ಇ-ವೇ ಬಿಲ್ಲನ್ನೇ ನೋಡಿ. 2021ರ ಜನವರಿಯಿಂದ ಅದಕ್ಕೆ 200 ಕಿಲೋಮೀಟರಿಗೆ ಒಂದು ದಿನದ ಅವಧಿ. ಅದಕ್ಕೂ ಮೊದಲು 100 ಕಿಲೋಮೀಟರಿಗೇ ಒಂದು ದಿನ ಇತ್ತು. ಅಂದರೆ ನನ್ನ ಈ ಟ್ರಿಪ್ಪಿಗೆ ಸರ್ಕಾರದ ಕಾಗದದಲ್ಲಿ 3 ದಿನ ಇದೆ. ಡಿಸ್ಪ್ಯಾಚಿನವರ ಬಾಯಲ್ಲಿ ಒಂದು ರಾತ್ರಿ, ಅರ್ಧ ಹಗಲು.

1961ರಲ್ಲಿ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಅಂತ ಒಂದು ಬಂದಿತ್ತು. ಮಗಳು ಮೊಬೈಲಿನಲ್ಲಿ ಹುಡುಕಿ ಓದಿ ಹೇಳಿದಳು. ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ, 5 ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿಶ್ರಾಂತಿ. 5 ಮಂದಿಗಿಂತ ಕಡಿಮೆ ಕೆಲಸಗಾರರಿದ್ದರೆ ಅದು ತಾನಾಗಿ ಅನ್ವಯವಾಗುತ್ತಿರಲಿಲ್ಲ, ಎರಡು ಗಾಡಿಯ ಮಾಲೀಕರ ಹತ್ತಿರ ಇರುವ ನನ್ನಂಥವನು ಅಲ್ಲಿಗೇ ಹೊರಗೆ. ಅದರಲ್ಲಿ ಕೆಲಸದ ಹೊತ್ತು ಎಂದರೇನು ಅಂತಲೂ ಬರೆದಿತ್ತು. ಟರ್ಮಿನಲ್‌ನಲ್ಲಿ ಸುಮ್ನೆ ಹಾಜರಿರುವ ಹೊತ್ತು 15 ನಿಮಿಷಕ್ಕಿಂತ ಕಡಿಮೆ ಇದ್ದರೆ ಅದೂ ಕೆಲಸಕ್ಕೆ ಸೇರುತ್ತಿತ್ತಂತೆ. 15 ನಿಮಿಷ! ಬರೆದ ಪುಣ್ಯಾತ್ಮರಿಗೆ ನಮ್ಮ ಸಿಮೆಂಟ್ ಗೇಟು ಕನಸಿನಲ್ಲೂ ಬಂದಿರಲಿಕ್ಕಿಲ್ಲ.

2025ರ ಅಕ್ಟೋಬರ್ 1ರಿಂದ ತಯಾರಾಗುವ ಹೊಸ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯ ಆಗಿದೆ. ಒಳ್ಳೆಯದೇ. ನನ್ನದು ಹಳೇ ಗಾಡಿ, ನನಗಿಲ್ಲ. ಇದ್ದವರ ಪಾಡೂ ಕೇಳಿ: ಎಸಿ ನಡೆಯಬೇಕಾದರೆ ಇಂಜಿನ್ ನಡೆಯಬೇಕು. ಪಾಳಿಯಲ್ಲಿ ನಿಂತು ಇಂಜಿನ್ ಓಡಿಸಿದರೆ ಡೀಸೆಲ್ ಲೆಕ್ಕ ಯಾರು ಕೊಡುವುದು? ಹಾಗಾಗಿ ಮೇ ತಿಂಗಳ 42, 43 ಡಿಗ್ರಿ ಬಿಸಿಲಲ್ಲಿ ಎಸಿ ಗಾಡಿಯವನೂ ನನ್ನ ಪಕ್ಕದಲ್ಲಿ ಗಾಡಿ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿರುತ್ತಾನೆ. ಮೂರು ವರ್ಷದಿಂದ ನಾನು ಕಲಬುರಗಿಯ ಶರಣಬಸವೇಶ್ವರ ತೇರು ನೋಡಿಲ್ಲ, ಒಮ್ಮೆಯೂ ದೂರದ ಊರಲ್ಲಿರಲಿಲ್ಲ, ಮೂರು ಸಲವೂ ಹತ್ತಿರದ ಗೇಟಿನ ಮುಂದೆಯೇ ಇದ್ದೆ.

ಆ ಓದುಗರಿಗೆ ಒಂದು ಮಾತು. ನಿಂತ ಲಾರಿಗೆ ನೀವು ಹೆದರುತ್ತೀರಿ, ಸರಿ. ಆದರೆ ನಲವತ್ತು ಗಂಟೆ ಸರಿಯಾಗಿ ಮಲಗದವನು, ನಾಲ್ಕು ಗಂಟೆಯೊಳಗೆ ಮುಟ್ಟಬೇಕು ಅಂತ 18 ಟನ್ ಮಾಲು ಹೊತ್ತು ರಾತ್ರಿ ಹನ್ನೆರಡಕ್ಕೆ ನಿಮ್ಮ ಎದುರಿಗೆ ಬರುತ್ತಿರುತ್ತಾನಲ್ಲ, ಅವನಿಗೆ ಇನ್ನೂ ಜಾಸ್ತಿ ಹೆದರಬೇಕು. ಆ ಶುಕ್ರವಾರ ರಾತ್ರಿ ಅವನು ನಾನೇ ಆಗಿದ್ದೆ. ಅಕ್ಕಲಕೋಟ ಬರುವವರೆಗೆ ಎರಡು ಸಲ ಮುಖಕ್ಕೆ ನೀರು ಹಾಕಿಕೊಂಡೆ.

ನಾನು ಕೇಳುವುದು ದೊಡ್ಡದೇನಲ್ಲ. ಗೇಟಿನಲ್ಲಿ ನಮಗೆ ಒಂದು ಚೀಟಿ ಕೊಡುತ್ತಾರೆ, ಅದರಲ್ಲಿ ಗಾಡಿ ನಂಬರು, ಒಳಗೆ ಬಂದ ಹೊತ್ತು ಎರಡೂ ಇರುತ್ತವೆ. ಅದನ್ನು ಗಾಜಿನ ಮೇಲಿನ ಬಿಸಿಲು ತಡೆಯುವ ಪಟ್ಟಿಗೆ ಸಿಕ್ಕಿಸಿ ಜೋಪಾನ ಮಾಡುತ್ತೇವೆ. ಹೊರಗೆ ಹೋಗುವಾಗ ಆ ಚೀಟಿ ಗೇಟಿನವರು ವಾಪಸ್ ಇಸಿದುಕೊಳ್ಳುತ್ತಾರೆ. ನಮ್ಮ ಸಾಕ್ಷಿ ಅಲ್ಲಿಗೆ ಮುಗೀತು. ಅದರ ಒಂದು ಪ್ರತಿ ಡ್ರೈವರ್ ಕೈಗೆ ಬರಲಿ, ಬಂದ ಹೊತ್ತು, ಹೋದ ಹೊತ್ತು ಎರಡೂ ಬಿಲ್ಟಿಯ ಮೇಲೆ ಬೀಳಲಿ. ರಸ್ತೆಯಲ್ಲಿ ನಿಲ್ಲಿಸಿದ ಹೊತ್ತನ್ನೂ ಟೋಕನ್ ಕೊಟ್ಟ ಕ್ಷಣದಿಂದಲೇ ಹಿಡಿಯಲಿ. 12 ಗಂಟೆ ದಾಟಿದ ಮೇಲೆ ಹಾಲ್ಟಿಂಗ್ ಕೊಡಲಿ, ಅದು ಡ್ರೈವರ್‌ಗೆ ಮುಟ್ಟಲಿ. ಕಾಯಿಸಿದ್ದಕ್ಕೆ ದುಡ್ಡು ಕೊಡಬೇಕಾಗಿ ಬಂದ ದಿನ, ಕರೆಸುವ ಗಾಡಿ ತಾನಾಗೇ ಕಡಿಮೆ ಆಗುತ್ತದೆ, ರಸ್ತೆ ಬದಿಯ ಸಾಲೂ ಕರಗುತ್ತದೆ. ಹೊಸ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ, ಜಿಲ್ಲಾಧಿಕಾರಿಗಳು ಕಾರ್ಖಾನೆಯವರನ್ನೂ ಲಾರಿ ಮಾಲೀಕರನ್ನೂ ಒಂದು ಮಧ್ಯಾಹ್ನ ಕೂಡಿಸಿದರೆ ಆಗುವ ಮಾತಿದು. ಬೆಂಗಳೂರಿನ ಯಶವಂತಪುರದಲ್ಲಿರುವಂಥ ಟ್ರಕ್ ಟರ್ಮಿನಲ್ ನಮ್ಮ ಸೇಡಂ ಕಡೆಗೂ ಒಂದು ಬಂದರೆ, ನಳ, ಶೌಚಾಲಯ, ನಾಲ್ಕು ಬೇವಿನ ಮರ ಇದ್ದರೆ ಇನ್ನೂ ಒಳ್ಳೆಯದು.

ನಾನಂತೂ ಈಗ ಗೇಟಿನ ಚೀಟಿ ಕೈಗೆ ಬಂದ ಕೂಡಲೇ ಮೊಬೈಲಿನಲ್ಲಿ ಫೋಟೋ ಹೊಡೆದು ಮಗಳಿಗೆ ಕಳಿಸುತ್ತೇನೆ. ಅವಳು ಒಂದು ನೋಟುಬುಕ್ಕಿನಲ್ಲಿ ಬರೆದಿಡುತ್ತಾಳೆ. ಈ ಪತ್ರ ಟೈಪ್ ಮಾಡಿದವಳೂ ಅವಳೇ.

ಆ ಓದುಗರು ಯಾವ ಊರಿನ ಹತ್ತಿರ ಲಾರಿ ನಿಲ್ಲುತ್ತವೆ ಅಂತ ಬರೆದಿರಲಿಲ್ಲ. ದಯವಿಟ್ಟು ನಿಮ್ಮ ಪತ್ರಿಕೆಯಲ್ಲೇ ತಿಳಿಸಲಿ. ಅಲ್ಲಿ ನಿಲ್ಲುವವರು ನಮ್ಮವರೇ ಇರುತ್ತಾರೆ, ಹಿಂದಿನ ಲೈಟು, ರಿಫ್ಲೆಕ್ಟರ್ ವಿಷಯ ನಾನೇ ಹೇಳುತ್ತೇನೆ. ಕಲ್ಲು ಬಿದ್ದಿದ್ದರೆ ಎತ್ತಿ ಹಾಕುತ್ತೇನೆ.

ಒಬ್ಬ ಲಾರಿ ಚಾಲಕ,
ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ