ಕಡಲ ಕಸದ ಆಮೆ ಬಂದರಿನಲ್ಲಿ ನಿಲ್ಲಲಿ

ಮಾನ್ಯ ಸಂಪಾದಕರೇ,

ಜೂನ್ 5ರ ಪರಿಸರ ದಿನ ಬಂತೆಂದರೆ ನಮ್ಮ ಕರಾವಳಿಯಲ್ಲಿ ಕಡಲು ಉಳಿಸುವ ಚಿತ್ರ ಸ್ಪರ್ಧೆ ಇದ್ದೇ ಇರುತ್ತದೆ. ಮಕ್ಕಳು ಅಳುವ ಮೀನು ಬರೆಯುತ್ತಾರೆ, ಬಹುಮಾನ ಪಡೆಯುತ್ತಾರೆ. ವೇದಿಕೆಯ ಹಿಂದೆ ಫ್ಲೆಕ್ಸ್, ಅದರ ಮೇಲೆ ಥರ್ಮೋಕೋಲ್ ಅಕ್ಷರ! ನಮ್ಮ ರಾಜ್ಯ ಫ್ಲೆಕ್ಸ್ ನಿಷೇಧಿಸಿದ್ದು 2016ರಲ್ಲಿ. ಅಲಂಕಾರದ ಥರ್ಮೋಕೋಲ್ 2022ರ ಜುಲೈನಿಂದ ದೇಶಕ್ಕೇ ನಿಷೇಧ. ಮಲ್ಪೆಯಲ್ಲಿ ಚಿತ್ರಕಲೆ ಕಲಿಸುವ ನನಗೆ ಇದನ್ನು ನೋಡಿ ತುಂಬಾ ಬೇಸರವಾಗುತ್ತದೆ.

ಹಾಗಾಗಿ ನಮ್ಮ ಮಕ್ಕಳು ಈಗ ಬಣ್ಣ ಮುಟ್ಟುವುದಿಲ್ಲ. ಮಳೆಗಾಲದಲ್ಲಿ ಕಡಲು ದಡಕ್ಕೆ ಎಸೆದದ್ದನ್ನು ಅಲೆ ತಗ್ಗಿದ ಮೇಲೆ ದೊಡ್ಡವರ ಜೊತೆ ಹೋಗಿ ಆರಿಸುತ್ತಾರೆ. ಸೋಪಿನ ನೀರಲ್ಲಿ ತೊಳೆದು, ಬಣ್ಣದ ಪ್ರಕಾರ ವಿಂಗಡಿಸಿ, ಕೋಳಿಗೂಡಿನ ಜಾಲರಿಗೆ ತಂತಿಯಲ್ಲಿ ಕಟ್ಟಿ ಆಮೆ ಮಾಡುತ್ತಾರೆ. ನಮ್ಮ ಆಮೆಯ ಬೆನ್ನು ಪೂರ್ತಿ ಹವಾಯಿ ಚಪ್ಪಲಿ. ಕಾಲು ಹಸಿರು ಬಲೆಯ ತುಂಡು. ಕಣ್ಣಿಗೆ ಔಷಧಿ ಬಾಟಲಿಯ ಮುಚ್ಚಳ. ಒಂದು ಚಪ್ಪಲಿಯ ಅಂಚಿನಲ್ಲಿ ಸಾಲಾಗಿ ಸಣ್ಣ ಸಣ್ಣ ಕಚ್ಚು ಇತ್ತು. ಏಳನೇ ತರಗತಿಯ ಹುಡುಗಿ ಅದರ ಮೇಲೆ ಬೆರಳಾಡಿಸಿ, "ಸರ್, ಇದು ಮೀನು ಕಚ್ಚಿದ್ದಲ್ವಾ?" ಎಂದಳು. ಕಚ್ಚಿದ ಚೂರು ಎಲ್ಲಿ ಹೋಯಿತು ಅಂತ ಅವಳೇ ಮತ್ತೆ ಕೇಳಿದಳು. ಅವಳ ಅಪ್ಪ ಬೋಟ್‌ನಲ್ಲಿ ಕಲಾಸಿ, ಅಂದರೆ ಕೆಲಸಗಾರ. ಮನೆಯಲ್ಲಿ ದಿನಾ ಮೀನು. ಆ ಪ್ರಶ್ನೆ ಯಾವ ಭಾಷಣದಿಂದಲೂ ಹುಟ್ಟುತ್ತಿರಲಿಲ್ಲ.

ಅಮೆರಿಕದ ಒರೆಗಾನ್ ಕರಾವಳಿಯಲ್ಲಿ ಬ್ಯಾಂಡನ್ ಎಂಬ ಪುಟ್ಟ ಊರಿದೆ. ಅಲ್ಲಿ ಕಲಾ ಶಿಕ್ಷಕಿ ಏಂಜೆಲಾ ಹೇಸಲ್‌ಟೈನ್ ಪೊಜಿ 2010ರಲ್ಲಿ ಇದೇ ಕೆಲಸ ಶುರು ಮಾಡಿದರು. ದಡದ ಕಸದಿಂದಲೇ ದೊಡ್ಡ ದೊಡ್ಡ ಮೀನು, ಹಕ್ಕಿ ಕಟ್ಟಿಸಿದರು. ಊರವರೇ ಬಂದು ಕಸ ತೊಳೆದರು. ಪುರಿಯಲ್ಲಿ ಸುದರ್ಶನ್ ಪಟ್ನಾಯಕ್ ಅವರ ಮರಳುಶಿಲ್ಪವೂ ಸಾವಿರಾರು ಜನರನ್ನು ನಿಲ್ಲಿಸಿ ನೋಡಿಸುತ್ತದೆ. ಆದರೆ ಮರಳು ಜಾಸ್ತಿ ದಿನ ಉಳಿಯುವುದಿಲ್ಲ. ನಮಗೆ ಉಳಿಯುವಂಥದ್ದು ಬೇಕು.

ನಮ್ಮ ಆಮೆ ಬೀಚ್‌ನಲ್ಲಿ ಬೇಡ, ಮೀನುಗಾರಿಕಾ ಬಂದರಿನಲ್ಲೇ ಇರಲಿ. ಬೀಚ್‌ನಲ್ಲಿ ಪ್ರವಾಸಿಗರು ಸೆಲ್ಫಿ ತೆಗೆದು ಹೋಗುತ್ತಾರೆ. ಬಂದರಿನಲ್ಲಿ ಬೋಟ್ ನಡೆಸುವ ತಾಂಡೇಲರು, ಕಲಾಸಿಗಳು, ಮೀನು ಮಾರುವ ಹೆಂಗಸರು ದಿನಾ ನೋಡುತ್ತಾರೆ. ಬಲೆ ಎಳೆದಾಗ ಮೀನಿನ ಜೊತೆ ಬರುವ ಪ್ಲಾಸ್ಟಿಕ್ ಎಷ್ಟೋ ಸಲ ಮತ್ತೆ ನೀರಿಗೇ ಬೀಳುತ್ತದೆ. ಮೀನುಗಾರರನ್ನು ಸುಮ್ನೆ ಬೈದು ಪ್ರಯೋಜನವಿಲ್ಲ. ದಡಕ್ಕೆ ತಂದರೆ ಹಾಕಲು ಜಾಗ ಬೇಕಲ್ಲ? ಕೇರಳದ ನೀಂಡಕರದಲ್ಲಿ 2017ರಿಂದ ಬೋಟ್‌ನವರು ಬಲೆಗೆ ಸಿಕ್ಕ ಪ್ಲಾಸ್ಟಿಕ್ ದಡಕ್ಕೆ ತಂದರು. ಅದನ್ನು ಪುಡಿ ಮಾಡಿ ರಸ್ತೆಗೆ ಬಳಸಿದರು. ನಮ್ಮಲ್ಲೂ ಆಗಬೇಕು.

ಜೂನ್, ಜುಲೈ ಯಾಂತ್ರಿಕ ಬೋಟ್‌ಗಳಿಗೆ ಮೀನುಗಾರಿಕೆ ರಜೆ. ಬೋಟ್‌ಗಳೆಲ್ಲ ದಡದಲ್ಲೇ ಇರುತ್ತವೆ. ಬಲೆ ಹೆಣೆಯುವವರಿಗೂ ಸ್ವಲ್ಪ ಬಿಡುವು ಸಿಕ್ಕೀತು. ಗಂಟು ಹಾಕುವುದನ್ನು ಮಕ್ಕಳಿಗೆ ಅವರಿಗಿಂತ ಚೆನ್ನಾಗಿ ಯಾರು ಕಲಿಸುತ್ತಾರೆ? ಮೀನುಗಾರಿಕೆ ಇಲಾಖೆ ಮತ್ತು ನಗರಸಭೆ ಹರಾಜು ನಡೆಯುವ ಜಾಗದ ಪಕ್ಕ ಒಂದು ಮಾಡು (ಚಾವಣಿ) ಕಟ್ಟಿಸಿ, ಕಸ ಹಾಕಲು ದೊಡ್ಡ ಜಾಲರಿ ತೊಟ್ಟಿ ಇಡಲಿ. ಸ್ಪರ್ಧೆ ನಡೆಸುವ ಸಂಘಗಳು ಈ ಸಲ ಫ್ಲೆಕ್ಸ್‌ನ ದುಡ್ಡಲ್ಲಿ ನಮಗೆ ತಂತಿ, ಕಟಿಂಗ್ ಪ್ಲೇಯರ್, ಮಕ್ಕಳ ಅಳತೆಯ ಕೈಗವಸು ಕೊಡಿಸಲಿ.

– ಚಿತ್ರಕಲಾ ಶಿಕ್ಷಕ, ಮಲ್ಪೆ