ಆರು ಸ್ಟ್ಯಾಂಡ್ ಹಿಡಿಯುತ್ತೆ ಅಂತ ಮಾರಿದ ಮೈಕ್ ಸ್ಟ್ಯಾಂಡ್ ಬ್ಯಾಗ್ ಬಗ್ಗೆ ದೂರು

ಗೆ,
ಗ್ರೀವೆನ್ಸ್ ಆಫೀಸರ್ ಅವರಿಗೆ,

ವಿಷಯ: ಮೈಕ್ ಸ್ಟ್ಯಾಂಡ್ ಬ್ಯಾಗಿನ ಹಿಡಿಕೆ ಕಿತ್ತು ಬಂದು ಸಾಮಾನು ಹಾಳಾಗಿರೋದು, ದುಡ್ಡು ವಾಪಸ್ ಕೊಡೋದು ಮತ್ತು ನಿಮ್ಮ ಪೇಜಲ್ಲಿರೋ ತಪ್ಪು ಮಾಹಿತಿ ಸರಿ ಮಾಡೋದು.

ಸರ್ / ಮೇಡಂ, ನಮಸ್ಕಾರ.

ನಾವು ಶಿರಸಿ ಕಡೆಯವರು, ಸಣ್ಣದಾಗಿ ಸೌಂಡ್ ಸಿಸ್ಟಮ್ ಬಾಡಿಗೆಗೆ ಕೊಡೋ ಕೆಲಸ ನಮ್ದು. ತಾಳಮದ್ದಳೆ, ಸಂಗೀತ ಬೈಠಕ್, ಉಪನಯನ, ಮದುವೆ ಮನೆ ಎಲ್ಲದಕ್ಕೂ ಹೋಗ್ತೀವಿ. ಈ ಮಳೆಗಾಲ ಶುರುವಾಗೋ ಮುಂಚೆ ನಿಮ್ಮ ಸೈಟಲ್ಲಿ ಮೈಕ್ ಸ್ಟ್ಯಾಂಡ್ ಬ್ಯಾಗ್ ಒಂದು ತಗೊಂಡ್ವಿ, 2,799 ರೂಪಾಯಿ. ಆರ್ಡರ್ ನಂಬರ್, ಬಿಲ್, ಫೋಟೋ ಎಲ್ಲ ಈ ಮೇಲ್ ಜೊತೆ ಇಟ್ಟಿದೀನಿ. ಒಂದು ಮನೆಯ ಮಾಳಿಗೆಗೆ ಸಾಮಾನು ಹತ್ತಿಸ್ತಾ ಇರೋವಾಗ ಆ ಬ್ಯಾಗಿನ ಹಿಡಿಕೆ ಒಂದು ಕಡೆ ಪೂರ್ತಿ ಕಿತ್ತು ಬಂತು, ಬ್ಯಾಗ್ ಮೆಟ್ಟಿಲ ಮೇಲೆ ಬಿತ್ತು, ಒಂದು ಸ್ಟ್ಯಾಂಡಿನ ಬೂಮ್ (ಕಂಬದ ಮೇಲೆ ಮೈಕ್ ಹಿಡಿಯೋ ಅಡ್ಡ ಕೋಲು) ಬಿಗಿ ಮಾಡೋ ತಿರುಪು ಮುರಿದೇ ಹೋಯ್ತು. ಹಿಂದೆ ಬರ್ತಿದ್ದ ಹುಡುಗನ ಕಾಲಿಗೆ ಬೀಳದೇ ಇದ್ದಿದ್ದು ದೇವರ ದಯೆ. ನಿಮ್ಮ ಚಾಟಲ್ಲಿ ಹೇಳಿದ್ರೆ "ಓವರ್‌ಲೋಡ್ ಮಾಡಿದೀರ, ರಿಟರ್ನ್ ಅವಧಿನೂ ಮುಗಿದಿದೆ" ಅಂತ ಎರಡು ಸಾಲು ಬರೆದು ಟಿಕೆಟ್ ಕ್ಲೋಸ್ ಮಾಡಿಬಿಟ್ರು. ಆ ಉತ್ತರ ತಪ್ಪು, ಯಾಕೆ ತಪ್ಪು ಅಂತ ಒಂದೊಂದಾಗಿ ಬರೀತೀನಿ, ದಯವಿಟ್ಟು ಪೂರ್ತಿ ಓದಿ.

ಮೊದಲು ಈ ಓವರ್‌ಲೋಡ್ ಮಾತು. ನಿಮ್ಮ ಪೇಜಲ್ಲಿ ಹೆಸರಲ್ಲೇ "ಆರು ಮೈಕ್ ಸ್ಟ್ಯಾಂಡ್ ಹಿಡಿಯುವ ಹೆವಿ ಡ್ಯೂಟಿ ಬ್ಯಾಗ್" ಅಂತ ಇದೆ, ಫೋಟೋದಲ್ಲೂ ಬೂಮ್ ಇರೋ ಆರು ಸ್ಟ್ಯಾಂಡ್ ಒಳಗೆ ಇಟ್ಟು ತೋರಿಸಿದೀರ. ನಾವೂ ಆರೇ ಹಾಕಿದ್ದು, ಕೇಬಲ್ ಹಾಕಿಲ್ಲ, ಮೈಕ್ ಹಾಕಿಲ್ಲ, ಬೇರೆ ಏನೂ ಇಲ್ಲ. ಎಷ್ಟು ಕೆಜಿ ತಡ್ಕೊಳುತ್ತೆ ಅಂತ ಪೇಜಲ್ಲಿ ಎಲ್ಲೂ ಬರೆದಿಲ್ಲ. ಆದ್ರೆ ಬ್ಯಾಗ್ ಒಳಗಡೆ ಹೊಲಿಗೆಗೆ ಸೇರಿಸಿರೋ ಚಿಕ್ಕ ಬಿಳಿ ಲೇಬಲಲ್ಲಿ ಗರಿಷ್ಠ 10 ಕೆಜಿ ಅಂತ ಇದೆ! ಈಗ ಲೆಕ್ಕ ನೀವೇ ಹಾಕಿ. ಕೋನಿಗ್ ಅಂಡ್ ಮೇಯರ್ ಕಂಪನಿಯ 210/9 ಅಂತ ಬೂಮ್ ಸ್ಟ್ಯಾಂಡ್ ಇದೆಯಲ್ಲ, ಸೌಂಡ್ ಕೆಲಸ ಮಾಡೋರಿಗೆಲ್ಲ ಗೊತ್ತಿರೋದು, ಅದು ಒಂದೇ 3 ಕೆಜಿಗಿಂತ ಸ್ವಲ್ಪ ಜಾಸ್ತಿ ತೂಗುತ್ತೆ, ಅಂಥವು ಆರು ಅಂದ್ರೆ 18 ಕೆಜಿ ದಾಟುತ್ತೆ. ಹೋಗ್ಲಿ, ಅಗ್ಗದ ಹಗುರ ಸ್ಟ್ಯಾಂಡೇ ಅಂತ ಇಟ್ಕೊಳ್ಳಿ, ತಲಾ 2 ಕೆಜಿ ಅಂದ್ರೂ 12 ಆಯ್ತು. ಅಂದ್ರೆ ನಿಮ್ಮ ಫೋಟೋದಲ್ಲಿ ಇರೋ ಹಾಗೇ ತುಂಬಿದ್ರೂ ನಿಮ್ಮ ಲೇಬಲ್ ಪ್ರಕಾರ ಅದು ಓವರ್‌ಲೋಡೇ. ನೀವು ತೋರಿಸಿದ ಹಾಗೆ ಉಪಯೋಗಿಸಿದವರನ್ನ ತಪ್ಪು ಉಪಯೋಗ ಮಾಡಿದ್ರಿ ಅಂತ ಹೇಳೋದು ಯಾವ ನ್ಯಾಯ?

ಇನ್ನು ಹಿಡಿಕೆ. ಇದನ್ನ ಸ್ವಲ್ಪ ಜಾಸ್ತಿನೇ ಬರೀತೀನಿ ಯಾಕಂದ್ರೆ ಭಾರ ಹೊರೋ ಬ್ಯಾಗಿಗೆ ಇದೇ ಜೀವ. ಕಬ್ಬಿಣದ ಸಾಮಾನು ಹೊರೋ ಯಾವ ಒಳ್ಳೆ ಬ್ಯಾಗ್ ತಗೊಂಡ್ರೂ ಹಿಡಿಕೆಯ ಪಟ್ಟಿ ಒಂದು ಬದಿಯಿಂದ ಶುರುವಾಗಿ ಬ್ಯಾಗಿನ ಹೊಟ್ಟೆ ಕೆಳಗಿಂದ ಸುತ್ತಿ ಇನ್ನೊಂದು ಬದಿಗೆ ಬಂದಿರುತ್ತೆ. ಆಗ ಭಾರ ಎಲ್ಲ ಪಟ್ಟಿ ಮೇಲೆ ಕೂರುತ್ತೆ, ಬಟ್ಟೆ ಬರೀ ಸಾಮಾನು ಹೊರಗೆ ಬೀಳದ ಹಾಗೆ ನೋಡ್ಕೊಂಡ್ರೆ ಸಾಕು. ಪಟ್ಟಿ ಬಟ್ಟೆಗೆ ಸೇರೋ ಕಡೆ ಚೌಕ ಹೊಲಿದು ಅದರ ಒಳಗೆ ಅಡ್ಡಡ್ಡ ಗುಣಾಕಾರ ಚಿಹ್ನೆ ತರ ಹೊಲಿದಿರ್ತಾರೆ, ಒಂದು ಹೊಲಿಗೆ ಬಿಟ್ರೂ ಉಳಿದದ್ದು ಹಿಡ್ಕೊಂಡಿರುತ್ತೆ. ನಿಮ್ಮ ಬ್ಯಾಗಲ್ಲಿ ಪಟ್ಟಿ ಜಿಪ್ಪಿನ ಕೆಳಗೆ ನಾಲ್ಕು ಬೆರಳು ಇಳಿದು ಅಲ್ಲಿಗೇ ನಿಂತಿದೆ, ತುದಿಯಲ್ಲಿ ಸೀದಾ ಒಂದೇ ಸಾಲು ಹೊಲಿಗೆ, ಹಿಂದುಗಡೆ ಒಂದು ತುಂಡು ಬಟ್ಟೆ ಸಹ ಆಸರೆಗೆ ಕೊಟ್ಟಿಲ್ಲ. ಅಂದ್ರೆ ಇಡೀ ಭಾರ ಆ ಒಂದು ಸಾಲಿನ ಸೂಜಿ ತೂತಿನ ಮೇಲೆ ನಿಂತಿದೆ. ಕಿತ್ತು ಬಂದ ಜಾಗದ ಹತ್ತಿರದ ಫೋಟೋ ನೋಡಿ, ದಾರ ತುಂಡಾಗಿಲ್ಲ, ಬಟ್ಟೆನೇ ಸೂಜಿ ತೂತಿನ ಉದ್ದಕ್ಕೂ ಸೀಳಿದೆ, ಸ್ಟಾಂಪ್ ಹರಿದ ಹಾಗೆ. ನಮ್ಮೂರಲ್ಲಿ ಸೀಟ್ ಕವರ್ ಹೊಲಿಯೋರಿಗೆ ತೋರಿಸಿದೆ, ಅವರು ನೋಡಿದ ತಕ್ಷಣ ಹೇಳಿದ್ದು, ಇದು ಬಟ್ಟೆ ತುಂಬೋ ಬ್ಯಾಗಿನ ಹೊಲಿಗೆ, ಕಬ್ಬಿಣ ತುಂಬೋ ಬ್ಯಾಗಿಂದಲ್ಲ ಅಂತ.

ಬಟ್ಟೆ ವಿಷಯಕ್ಕೆ ಬಂದ್ರೆ ಪೇಜಲ್ಲಿ 1680 ಡಿನಿಯರ್ ಅಂತ ಇದೆ, ಒಳಗಿನ ಲೇಬಲಲ್ಲಿ 600 ಡಿನಿಯರ್ ಪಾಲಿಸ್ಟರ್ ಅಂತ ಇದೆ. ಎರಡರ ಫೋಟೋನೂ ಕಳಿಸಿದೀನಿ. ಡಿನಿಯರ್ ಅಂದ್ರೆ 9,000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತೆ ಅನ್ನೋ ಲೆಕ್ಕ, 1680 ಅಂದ್ರೆ ಅಷ್ಟು ಉದ್ದದ ನೂಲು 1 ಕೆಜಿ 680 ಗ್ರಾಂ, 600 ಅಂದ್ರೆ 600 ಗ್ರಾಂ ಅಷ್ಟೇ. ಅರ್ಧಕ್ಕಿಂತ ಎಷ್ಟೋ ಕಮ್ಮಿ. ಸ್ಕೂಲ್ ಬ್ಯಾಗಿಗೆ 600 ಸಾಕಾಗ್ಬಹುದು, ಆದ್ರೆ ದುಡ್ಡು ಕೊಟ್ಟವರು 1680 ಅಂತ ಓದಿ ದುಡ್ಡು ಕೊಟ್ಟಿದ್ದು. ಇದು ಪ್ರಿಂಟ್ ಮಿಸ್ಟೇಕ್ ಅಂತ ಹೇಳ್ಬೇಡಿ, ಅದೇ ಪೇಜಲ್ಲಿ ಮೂರು ಕಡೆ ಅದೇ ನಂಬರ್ ಇದೆ.

ಉದ್ದ. ಇದು ತುಂಬಾ ಜನಕ್ಕೆ ಆಗಿರೋ ತೊಂದರೆ ಅಂತ ಅನ್ಸುತ್ತೆ, ನಿಮ್ಮ ಪೇಜ್ ಕೆಳಗೆ ರಿವ್ಯೂಗಳಲ್ಲೂ ಕೆಲವರು ಬರೆದಿದಾರೆ, ಯಾರೂ ಉತ್ತರ ಕೊಟ್ಟಿಲ್ಲ. 100 ಸೆಂ.ಮೀ ಅಂತ ಬರೆದಿದೀರಲ್ಲ, ಅದು ಹೊರಗಡೆ ಅಳತೆ, ಎರಡೂ ತುದಿಯ ಹೊಲಿಗೆ ಪಟ್ಟಿ, ಸ್ಪಂಜ್ ಎಲ್ಲ ಸೇರಿ. ಒಳಗೆ ಟೇಪ್ ಹಿಡಿದ್ರೆ 91 ಸಿಗುತ್ತೆ. ಮೇಲೆ ಹೇಳಿದ 210/9 ಸ್ಟ್ಯಾಂಡಿನ ಕಂಬ ಪೂರ್ತಿ ಇಳಿಸಿದ್ರೂ 90 ಸೆಂ.ಮೀ ಇರುತ್ತೆ, ಅದರ ಮೇಲೆ ಬೂಮಿನ ಗಂಟು, ತಿರುಪು, ಮಡಚಿದ ಕಾಲಿನ ರಬ್ಬರ್ ಎಲ್ಲ ಸೇರಿಸಿದ್ರೆ 91ರಲ್ಲಿ ಹೇಗೆ ಕೂರುತ್ತೆ? ಓರೆಯಾಗಿ ತುರುಕಬೇಕು, ಜಿಪ್ ತುದಿ ಹಿಗ್ಗುತ್ತೆ. ನಿಮ್ಮವರು ಚಾಟಲ್ಲಿ "ಬೂಮ್ ಬಿಚ್ಚಿ ಇಡಿ" ಅಂದ್ರು. ಪ್ರತಿ ಕಾರ್ಯಕ್ರಮಕ್ಕೂ ಬೂಮ್ ಬಿಚ್ಚಿ ಹಾಕಿ ಮಾಡಿದ್ರೆ ತಿರುಪಿನ ಥ್ರೆಡ್ ಸವೆದು ಸ್ವಲ್ಪ ದಿನಕ್ಕೆ ಬೂಮ್ ತಾನಾಗೇ ಜಾರಿ ಕೆಳಗೆ ಬರುತ್ತೆ, ಭಾಗವತರು ಪದ ಹೇಳ್ತಾ ಇರೋವಾಗ ಮೈಕ್ ಬಾಗಿ ಹೋದ್ರೆ ಸಭೆ ಮುಂದೆ ಮರ್ಯಾದೆ ಹೋಗೋದು ನಮ್ದು.

ಬೂಮ್ ಇಲ್ಲದೇ ಸೀದಾ ಸ್ಟ್ಯಾಂಡ್ ಒಯ್ಯಬಹುದಲ್ಲ ಅಂತ ಕೇಳ್ಬಹುದು, ಆಗಲ್ಲ. ತಾಳಮದ್ದಳೆಯಲ್ಲಿ ಭಾಗವತರು ಕೂತು ಹಾಡೋದು, ಮುಂದೆ ಪ್ರಸಂಗದ ಪುಸ್ತಕ ಇರುತ್ತೆ, ಕೈಯಲ್ಲಿ ತಾಳ ಇರುತ್ತೆ, ಎದುರುಗಡೆ ಸೀದಾ ಕಂಬ ನಿಲ್ಲಿಸಿದ್ರೆ ಕೈಗೂ ಅಡ್ಡ ಪುಸ್ತಕಕ್ಕೂ ಅಡ್ಡ. ಪಕ್ಕದಿಂದ ಬೂಮ್ ಚಾಚಿ ಬಾಯಿ ಹತ್ರ ತರ್ಬೇಕು. ಮದ್ದಳೆಗೆ ಎರಡೂ ಬದಿಗೆ ಮೈಕ್ ಇಡೋದಾದ್ರೆ ಬೂಮ್ ಕೆಳಗೆ ಇಳಿಸಿ ಮುಖಕ್ಕೆ ಹಿಡಿಬೇಕು. ನಮ್ಮ ಕೆಲಸದಲ್ಲಿ ಬೂಮ್ ಸ್ಟ್ಯಾಂಡೇ ಮುಖ್ಯ, ಹಾಗಾಗೇ ಬೂಮ್ ಸ್ಟ್ಯಾಂಡಿನ ಫೋಟೋ ನೋಡಿ ನಿಮ್ಮ ಬ್ಯಾಗ್ ತಗೊಂಡಿದ್ದು.

ಮಳೆ ಬಗ್ಗೆನೂ ಹೇಳ್ಲೇಬೇಕು. ಯಕ್ಷಗಾನ ಮೇಳಗಳ ತಿರುಗಾಟ ಮಳೆ ಶುರುವಾಗೋ ಹೊತ್ತಿಗೆ ನಿಲ್ಲುತ್ತೆ, ತಾಳಮದ್ದಳೆಗಳು ಜಾಸ್ತಿ ನಡೆಯೋದೇ ಮಳೆಗಾಲದಲ್ಲಿ, ಮನೆ ಜಗುಲಿ, ದೇವಸ್ಥಾನದ ಚಂದ್ರಶಾಲೆ, ಸೊಸೈಟಿ ಹಾಲ್. ಗಾಡಿ ರಸ್ತೆಯಲ್ಲಿ ನಿಲ್ಲಿಸಿ ಅಂಗಳ ದಾಟಿ ಹೊತ್ಕೊಂಡು ಹೋಗ್ಬೇಕು. ಅದಕ್ಕೇ "ವಾಟರ್‌ಪ್ರೂಫ್" ಅಂತ ಬರೆದಿದ್ದು ನಮಗೆ ಮುಖ್ಯ ಆಗಿದ್ದು. ಬಟ್ಟೆ ಒಳಗೆ ಕೋಟಿಂಗ್ ಇದೆ ನಿಜ, ನೀರು ಬಟ್ಟೆಯಿಂದ ಇಳಿಯಲ್ಲ, ಆದ್ರೆ ಹೊಲಿಗೆ ತೂತಿಗೆ ಟೇಪ್ ಅಂಟಿಸಿಲ್ಲ, ಜಿಪ್ ಮೇಲೆ ಮುಚ್ಚಿಗೆ ಪಟ್ಟಿ ಇಲ್ಲ, ಅಲ್ಲಿಂದ ನೀರು ಒಳಗೆ ಹೋಗುತ್ತೆ, ಆಮೇಲೆ ಅದೇ ಕೋಟಿಂಗ್ ಇರೋದ್ರಿಂದ ಹೊರಗೂ ಹೋಗಲ್ಲ, ತಳದಲ್ಲಿ ನಿಲ್ಲುತ್ತೆ. ಸ್ಟ್ಯಾಂಡ್ ಸ್ಟ್ಯಾಂಡಿಗೆ ಉಜ್ಜಿ ಕಪ್ಪು ಪೇಂಟ್ ಎದ್ದಿರೋ ಕಡೆ ತುಕ್ಕು ಹಿಡಿಯೋಕೆ ಮಲೆನಾಡ ಥಂಡಿಯಲ್ಲಿ ಎಷ್ಟು ಹೊತ್ತು ಬೇಕು? ಉಜ್ಜೋದಾದ್ರೂ ಯಾಕೆ, ಒಳಗೆ ಒಂದೂ ಅಡ್ಡ ಬಟ್ಟೆ ಇಲ್ಲ, ಆರೂ ಒಂದರ ಮೇಲೊಂದು ಬಿದ್ದಿರುತ್ವೆ. ಫೋಟೋದಲ್ಲಿ ಮಾತ್ರ ಮಧ್ಯೆ ಒಂದು ಡಿವೈಡರ್ ಕಾಣಿಸುತ್ತೆ, ನಮಗೆ ಬಂದಿರೋದ್ರಲ್ಲಿ ಇಲ್ಲ.

ಜಿಪ್ ಇನ್ನೂ ಹಾಳಾಗಿಲ್ಲ, ಅದನ್ನೂ ನೇರವಾಗಿ ಹೇಳ್ತೀನಿ. ಆದ್ರೆ ಸ್ಲೈಡರ್ ಹಿಂದೆ 5 ಅಂತ ಇದೆ, ಹಲ್ಲು ಮುಚ್ಚಿದಾಗ ಹೆಚ್ಚುಕಮ್ಮಿ 5 ಮಿ.ಮೀ ಅಗಲ ಅಂತ ಅರ್ಥ, ಇಷ್ಟು ಭಾರದ ಬ್ಯಾಗಿಗೆ 8 ಅಥವಾ 10 ಹಾಕ್ಬೇಕು.

ಇಷ್ಟೆಲ್ಲ ಬರೆಯೋಕೆ ಕಾರಣ ಇದೆ. ನಮ್ಮಂತವರು ಅಂಗಡಿಗೆ ಹೋಗಿ ಮುಟ್ಟಿ ನೋಡಿ ತಗೊಳೋಣ ಅಂದ್ರೆ ಮೈಕ್ ಸ್ಟ್ಯಾಂಡಿಗೇ ಅಂತ ಬ್ಯಾಗ್ ಇಡೋ ಅಂಗಡಿ ಹತ್ತಿರದಲ್ಲಿ ಇಲ್ಲ, ನಿಮ್ಮ ಪೇಜಲ್ಲಿ ಬರೆದಿದ್ದನ್ನ ನಂಬಿಯೇ ತಗೊಳ್ಬೇಕು. ಬ್ಯಾಗ್ ಇಲ್ಲದೇ ಕೈಯಲ್ಲಿ ಎರಡೆರಡು ಹಿಡ್ಕೊಂಡು ಹೋದ್ರೆ ಕಾಲಿನ ರಬ್ಬರ್ ಬಿದ್ದು ಹೋಗುತ್ತೆ, ತುದಿಯ ಥ್ರೆಡ್ ಅಡಾಪ್ಟರ್ ಕಳೆದು ಹೋಗುತ್ತೆ, ಆ 3/8 ಇಂಚಿಂದ 5/8 ಇಂಚಿಗೆ ಮಾಡೋ ಸಣ್ಣ ಹಿತ್ತಾಳೆ ತುಂಡು ಇಲ್ಲದೇ ಹೋದ್ರೆ ಮೈಕ್ ಕ್ಲಿಪ್ಪೇ ಕೂರಲ್ಲ, ರಾತ್ರಿ ಎಂಟು ಗಂಟೆಗೆ ಹಳ್ಳಿಯಲ್ಲಿ ಅದನ್ನ ಎಲ್ಲಿಂದ ತರೋದು. ಹಾಗಾಗಿ ಬ್ಯಾಗ್ ನಮಗೆ ಕೆಲಸದ ಸಾಮಾನು. ಒಳಗಿನ ಉದ್ದ ಎಷ್ಟು, ಎಷ್ಟು ಕೆಜಿ ತಡೆಯುತ್ತೆ, ಹಿಡಿಕೆ ಪಟ್ಟಿ ತಳ ಸುತ್ತಿ ಬರುತ್ತಾ ಇಲ್ವಾ, ಇಷ್ಟು ಮೂರು ಸರಿಯಾಗಿ ಬರೆದ್ರೆ ಯಾರು ಬೇಕಾದ್ರೂ ತಮಗೆ ಸರಿಹೋಗೋದನ್ನ ಆರಿಸ್ಕೊಳ್ತಾರೆ. 10 ಕೆಜಿ ಬ್ಯಾಗನ್ನ 10 ಕೆಜಿ ಅಂತಲೇ ಮಾರಿ, ಮೂರು ಸ್ಟ್ಯಾಂಡ್ ಇರೋರು ತಗೊಳ್ತಾರೆ.

ರಿಟರ್ನ್ ಅವಧಿ ಮುಗಿದಿದೆ ಅನ್ನೋ ಮಾತಿಗೆ ಉತ್ತರ ಇದು: ಮನಸ್ಸು ಬದಲಾಗಿ ವಾಪಸ್ ಕೊಡ್ತಿರೋದಲ್ಲ ಇದು. ಗ್ರಾಹಕ ಸಂರಕ್ಷಣಾ ಕಾಯ್ದೆ 2019 ಮತ್ತು ಅದರ ಕೆಳಗೆ ಬಂದಿರೋ 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಜಾಹೀರಾತಲ್ಲಿ ಹೇಳಿದ ಗುಣ ಇಲ್ಲದ, ದೋಷ ಇರೋ ಸಾಮಾನನ್ನ ವಾಪಸ್ ತಗೊಳಲ್ಲ ಅಂತ ಮಾರಾಟಗಾರರು ಹೇಳೋ ಹಾಗಿಲ್ಲ. ಅದೇ ನಿಯಮದಲ್ಲಿ ಗ್ರೀವೆನ್ಸ್ ಆಫೀಸರ್ ದೂರು ತಲುಪಿದೆ ಅಂತ 48 ಗಂಟೆ ಒಳಗೆ ತಿಳಿಸ್ಬೇಕು, ಒಂದು ತಿಂಗಳ ಒಳಗೆ ಬಗೆಹರಿಸ್ಬೇಕು ಅಂತಲೂ ಇದೆ. ಚಾಟಲ್ಲಿ ಮಾತಾಡಿದವರಿಗೆ ಇದು ಗೊತ್ತಿರದೇ ಇರ್ಬಹುದು, ಅವರ ಮೇಲೆ ನಮಗೆ ಸಿಟ್ಟಿಲ್ಲ, ಅದಕ್ಕೇ ಈಗ ನಿಮಗೇ ನೇರವಾಗಿ ಬರೀತಿರೋದು.

ನಾವು ಕೇಳ್ತಿರೋದು ಇಷ್ಟು. ಬ್ಯಾಗಿನ ಪೂರ್ತಿ ದುಡ್ಡು 2,799 ರೂಪಾಯಿ ಕೊಟ್ಟ ಅಕೌಂಟಿಗೇ ವಾಪಸ್ ಬರ್ಬೇಕು, ಕೂಪನ್ ಅಥವಾ ವ್ಯಾಲೆಟ್ ಪಾಯಿಂಟ್ ಬೇಡ. ಮುರಿದ ತಿರುಪಿನ ಬಿಡಿಭಾಗ ತರಿಸೋ ಖರ್ಚು ನೀವು ಕೊಡ್ಬೇಕು, ಬಿಲ್ ಬಂದ ಮೇಲೆ ಕಳಿಸ್ತೀನಿ. ಅದೇ ಬ್ಯಾಗನ್ನ ಬದಲಿಯಾಗಿ ಕಳಿಸೋದಂತೂ ಬೇಡವೇ ಬೇಡ, ಹೊಲಿಗೆ ಅದೇ ಇರೋವಾಗ ಹೊಸದು ಬಂದ್ರೆ ಏನು ಬಂತು. ಆಮೇಲೆ ಪೇಜಲ್ಲಿ ಡಿನಿಯರ್, ಒಳಗಿನ ಉದ್ದ, ಕೆಜಿ ಮಿತಿ ಸರಿ ಮಾಡಿ, "ವಾಟರ್‌ಪ್ರೂಫ್" ತೆಗೆದು ಹಾಕಿ, ಆರು ಸ್ಟ್ಯಾಂಡಿನ ಫೋಟೋ ತೆಗೆದು ಹಾಕಿ. ಈ ಕೊನೇದು ನಮ್ಮ ದುಡ್ಡಿನಷ್ಟೇ ಮುಖ್ಯ, ಯಾಕಂದ್ರೆ ಈಗ ನಾನು ಬರೀತಿರೋ ಹೊತ್ತಲ್ಲೂ ಯಾರೋ ಅದೇ ಫೋಟೋ ನೋಡಿ ಆರ್ಡರ್ ಮಾಡ್ತಿರ್ತಾರೆ, ಅವರ ಬ್ಯಾಗ್ ಕಿತ್ತು ಬಂದಾಗ ಕೆಳಗೆ ಯಾರದ್ದಾದ್ರೂ ಕಾಲು ಇದ್ರೆ?

ಸಮಯದ ಒಳಗೆ ಲಿಖಿತ ಉತ್ತರ ಬರ್ಲಿಲ್ಲ ಅಂದ್ರೆ 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯಲ್ಲಿ ದೂರು ಹಾಕಿ, ಅಲ್ಲಿಂದ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗ್ತೀವಿ. ಬಿಲ್ಲು, ಲೇಬಲ್, ಪೇಜಿನ ಸ್ಕ್ರೀನ್‌ಶಾಟ್, ಚಾಟ್ ಎಲ್ಲ ತಾರೀಕು ಸಮೇತ ಇಟ್ಕೊಂಡಿದೀವಿ, ಪೇಜ್ ಬದಲಾಯಿಸಿದ್ರೂ ಹಳೇದು ನಮ್ಮ ಹತ್ರ ಇದೆ.

ಹರಿದ ಬ್ಯಾಗ್ ಹಾಗೇ ತೆಗೆದಿಟ್ಟಿದೀವಿ, ರಿಪೇರಿ ಮಾಡಿಸಿಲ್ಲ. ಪಿಕಪ್‌ಗೆ ಕಳಿಸೋದಾದ್ರೆ ಹಿಂದಿನ ದಿನ ಮೆಸೇಜ್ ಹಾಕಿ, ಶನಿವಾರ ಭಾನುವಾರ ಕಾರ್ಯಕ್ರಮ ಇರುತ್ತೆ, ಬೇರೆ ದಿನ ಬೆಳಿಗ್ಗೆ ಹನ್ನೊಂದರ ಮೇಲೆ ಯಾವಾಗ ಬಂದ್ರೂ ಕೊಡ್ತೀವಿ.

ಇಂತಿ,
ನಿಮ್ಮ ಗ್ರಾಹಕ
(ಫೋನ್ ನಂಬರ್, ವಿಳಾಸ ಆರ್ಡರಲ್ಲೇ ಇದೆ)