ಬೇಲಿ ವಿಷಯ, ಅಪ್ಪಯ್ಯಂಗೆ ಪೂರ್ತಿ ಬರೆದಿದ್ದು

ರೆಡಿಂಗ್, ಇಂಗ್ಲೆಂಡ್
ಜನವರಿ 2024

ಪ್ರೀತಿಯ ಅಪ್ಪಯ್ಯಂಗೆ, ಅಮ್ಮಂಗೆ,

ಮೊನ್ನೆ ಫೋನಲ್ಲಿ ಅರ್ಧ ಮಾತಾಡ್ತಿದ್ದಾಗ್ಲೇ ನಿಮ್ಮಲ್ಲಿ ಕರೆಂಟ್ ಹೋಯ್ತು, ಆಮೇಲೆ ತಮ್ಮ ಮೆಸೇಜ್ ಮಾಡಿದ, ಅಪ್ಪಯ್ಯ ಊಟ ಸರಿಯಾಗಿ ಮಾಡ್ಲಿಲ್ಲ, ರಾತ್ರಿ ಎಲ್ಲಾ ಅಕ್ಕನ ಮನೆ ಕೇಸು ಕೇಸು ಅಂತಿದ್ರು ಅಂತ. ಅದಕ್ಕೇ ಕೂತ್ಕೊಂಡು ಎಲ್ಲಾ ಬರೀತಿದೀನಿ, ಅವನಿಗೆ ದೊಡ್ಡ ಅಕ್ಷರದಲ್ಲಿ ಪ್ರಿಂಟ್ ತೆಗೆಸಿ ಕೊಡೋಕೆ ಹೇಳಿದೀನಿ. ಮೊದಲನೇ ಮಾತು, ಕೇಸು ಯಾವುದೂ ಆಗಿಲ್ಲ. ಕೋರ್ಟಿಂದ ಒಂದು ಕಾಗದವೂ ಬಂದಿಲ್ಲ. ಬಂದಿರೋದೆಲ್ಲಾ ಪಕ್ಕದ ಮನೆಯವರಿಂದ, ಅವರ ವಕೀಲರಿಂದ.

ನಮ್ಮನೆ ನಿಮಗೆ ವಿಡಿಯೋದಲ್ಲಿ ನೋಡಿ ಗೊತ್ತಲ್ಲ, ಎರಡು ಮನೆ ಒಂದೇ ಗೋಡೆಗೆ ಅಂಟಿಕೊಂಡಿರೋ ಥರದ್ದು. ಆ ಗೋಡೆ ಆಚೆ ಇರೋರೇ ಇವರು. ಹಿಂದಿನ ತೋಟಕ್ಕೂ ಅವರ ತೋಟಕ್ಕೂ ಮಧ್ಯೆ ಮರದ ಹಲಗೆ ಬೇಲಿ. 2022ರ ಫೆಬ್ರವರಿ 18ಕ್ಕೆ ಯೂನಿಸ್ ಅಂತ ಬಿರುಗಾಳಿ ಬಂದಿತ್ತಲ್ಲ, ಅಮ್ಮ ಟಿವಿಲಿ ನೋಡಿ ಫೋನ್ ಮಾಡಿದ್ದೆ ನೀನು, ಅವತ್ತು ಈ ಕಡೆ ಎಷ್ಟೋ ಮನೆ ಬೇಲಿ ಮಲಗಿದ್ವು, ನಮ್ದೂ ಬಿತ್ತು. ಏಪ್ರಿಲಲ್ಲಿ ನಾವೇ ದುಡ್ಡು ಹಾಕಿ ಹೊಸದು ಹಾಕಿಸಿದ್ವಿ. ಅವರು ಅವತ್ತು ನಿಂತು ನೋಡಿ ಚೆನ್ನಾಗಾಯ್ತು ಅಂದ್ರು, ಕೆಲಸದವರಿಗೆ ಟೀ ಕೂಡಾ ಕೊಟ್ರು. ಒಂದೂವರೆ ವರ್ಷ ಬೇಲಿ ಬಗ್ಗೆ ಒಂದು ಮಾತಿಲ್ಲ.

ಎಲ್ಲಾ ಶುರುವಾಗಿದ್ದು ನಿಮ್ಮ ರೂಮಿಂದ. ಅಮ್ಮಂಗೆ ಮಂಡಿ ನೋವು, ಇಲ್ಲಿ ಬಂದ್ರೆ ಮೆಟ್ಟಿಲು ಹತ್ತೋಕೆ ಆಗಲ್ಲ ಅಂತ ಕೆಳಗಡೆನೇ ಹಿಂದುಗಡೆಗೆ ಒಂದು ರೂಮು, ಬಾತ್‌ರೂಮು ಎಳೆಸೋಣ ಅಂದ್ಕೊಂಡ್ವಿ. ಇಂಥಾ ಜೋಡಿ ಮನೆಗೆ ಹಿಂದಕ್ಕೆ 3 ಮೀಟರ್ ತನಕ ಒಂದಂತಸ್ತು ಕಟ್ಟೋಕೆ ಸಾಮಾನ್ಯವಾಗಿ ಕೌನ್ಸಿಲ್ಲಿಗೆ ಪೂರ್ತಿ ಪ್ಲಾನಿಂಗ್ ಅರ್ಜಿ ಬೇಕಾಗಲ್ಲ. ಆದ್ರೆ ಪಕ್ಕದವರ ಕಟ್ಟಡದಿಂದ 3 ಮೀಟರ್ ಒಳಗೆ ಅವರ ಅಡಿಪಾಯಕ್ಕಿಂತ ಆಳ ತೋಡೋದಾದ್ರೆ ಅವರಿಗೆ ಒಂದು ತಿಂಗಳು ಮುಂಚೆ ಬರವಣಿಗೆಲಿ ನೋಟಿಸ್ ಕೊಡಲೇಬೇಕು, ಅಕ್ಕಪಕ್ಕದ ಮನೆಗೆ ಸೇರಿದ ಗೋಡೆ, ಅಡಿಪಾಯದ ಬಗ್ಗೆ 1996ರ ಪಾರ್ಟಿ ವಾಲ್ ಕಾಯಿದೆ ಅಂತ ಇದೆ. ನಾವು ಆಗಸ್ಟಲ್ಲಿ ಕೊಟ್ವಿ, ಜೊತೆಗೆ ನಮ್ಮನೆಯವರು ಹೋಗಿ ಬಾಯಲ್ಲೂ ಹೇಳಿ ಬಂದ್ರು. ಅಲ್ಲಿಂದ ಮುಖ ತಿರುಗಿಸಿದ್ದು. ಸೆಪ್ಟೆಂಬರಲ್ಲಿ ದಪ್ಪ ಕವರ್ ಬಂತು.

ಅವರ ಸಾಲಿಸಿಟರ್, ಅಂದ್ರೆ ವಕೀಲರ ಕಾಗದ. ಬೇಲಿ ಅವರ ಜಾಗಕ್ಕೆ ಒಂಬತ್ತು ಇಂಚು ಬಂದಿದೆ, ಅತಿಕ್ರಮಣ, ಏಳು ದಿನದಲ್ಲಿ ಕಿತ್ತು ಹಿಂದಕ್ಕೆ ಹಾಕಬೇಕು, ಇಲ್ಲಾಂದ್ರೆ ಇಂಜಂಕ್ಷನ್ ಅಂತ ಕೋರ್ಟ್ ಆದೇಶ ತರ್ತೀವಿ, ವಕೀಲರ ಖರ್ಚೂ ನಿಮ್ಮದೇ ಅಂತ. ಅದರ ಹಿಂದೆ ಇನ್ನೊಂದು ಹಾಳೆ. ನಾವು ಸಹಿ ಹಾಕೋಕೆ ಅಂತ ಅವರೇ ಟೈಪ್ ಮಾಡಿ ಕಳಿಸಿದ ಮುಚ್ಚಳಿಕೆ, ಗಡಿ ಅವರು ಹೇಳಿದಲ್ಲೇ ಇದೆ ಅಂತ ಒಪ್ಕೋತೀವಿ, ಆ ಗೆರೆ ಪಕ್ಕ ಯಾವತ್ತೂ ಏನೂ ಕಟ್ಟಲ್ಲ ಅಂತ. ನಾನು ಅಡುಗೆಮನೆಲಿ ನಿಂತೇ ಓದಿದೆ, ಕೈ ನಡುಗ್ತಿತ್ತು ಅಪ್ಪಯ್ಯ. ರಾತ್ರಿ ಗೋಡೆ ಆಚೆ ಅವರ ಟಿವಿ ಸದ್ದು ಕೇಳಿದ್ರೂ ಎದೆ ಹೊಡ್ಕೊಳ್ತಿತ್ತು. ಪುಟ್ಟಿನ ತೋಟಕ್ಕೆ ಬಿಡೋದೇ ನಿಲ್ಲಿಸಿದ್ದೆ ಒಂದು ವಾರ.

ನೀವು ಫೋನಲ್ಲಿ ಹೇಳಿದ್ರಿ, ಪರದೇಶ, ಹೊರಗಿಂದ ಹೋದೋರು ನಾವು, ಒಂಬತ್ತು ಇಂಚು ಬಿಟ್ರೆ ಏನು ಹೋಯ್ತು, ಸಹಿ ಹಾಕಿ ಮುಗಿಸಿಬಿಡು ಅಂತ. ನನ್ನ ಮೇಲಿನ ಪ್ರೀತಿಗೆ ಹೇಳಿದ್ದು ಅಂತ ಗೊತ್ತು. ಆದ್ರೆ ನಾನು ಸಹಿ ಹಾಕದೇ ಇದ್ದಿದ್ದೂ ನಿಮ್ಮಿಂದಲೇ ಕಲ್ತು, ಇದನ್ನ ಫೋನಲ್ಲಿ ಹೇಳೋಕೆ ಧೈರ್ಯ ಆಗ್ಲಿಲ್ಲ. ನಾನು ಏಳನೇ ಕ್ಲಾಸಲ್ಲಿದ್ದಾಗ ಮೇಲಿನ ತೋಟದ ಅಗಳದ ವಿಷಯಕ್ಕೆ ಪಕ್ಕದವರು ಲಾಯರ್ ನೋಟಿಸ್ ಕಳಿಸಿದ್ರಲ್ಲ, ಪೋಸ್ಟ್‌ಮ್ಯಾನ್ ರಿಜಿಸ್ಟರ್ ಅಂತ ದಣಪೆ ಹತ್ರನೇ ಕೂಗಿದ್ದು ಇವತ್ತಿಗೂ ಕಿವಿಲಿದೆ. ನೀವು ಯಾರಿಗೂ ತೋರಿಸ್ಲಿಲ್ಲ, ಮರ್ಯಾದೆ ಪ್ರಶ್ನೆ ಅಂತ ಹದಿನೈದು ದಿನಕ್ಕೆ ಅವರು ತಂದ ರಾಜಿ ಪತ್ರಕ್ಕೆ ಸಹಿ ಹಾಕಿಬಿಟ್ರಿ. ಆಮೇಲೆ ಪೋಡಿಗೆ ಅಂತ ಸರ್ವೇಯರ್ ಬಂದು ಅಳೆದಾಗ ಗೊತ್ತಾಯ್ತು, ರಾಜಿಲಿ ಬಿಟ್ಟುಕೊಟ್ಟ ಆ ಹನ್ನೆರಡು ಅಡಿಕೆ ಮರ ನಮ್ಮ ಗಡಿ ಒಳಗೇ ಇತ್ತು ಅಂತ. ನೀವು ಏನೂ ಅನ್ಲಿಲ್ಲ. ಆದ್ರೆ ಅಡಿಕೆ ಕೊನೆ ಕೊಯ್ಲು ಬಂದಾಗೆಲ್ಲಾ ಆ ಕಡೆ ಹೋಗೋದನ್ನೇ ಬಿಟ್ರಿ, ನಾನು ನೋಡಿದೀನಿ. ನಿಮ್ಮದು ತಪ್ಪು ಅಂತ ನಾನು ಒಂದು ದಿನವೂ ಅಂದ್ಕೊಂಡಿಲ್ಲ, ಅವತ್ತು ಹೇಳಿಕೊಡೋರು ನಿಮಗೆ ಯಾರೂ ಇರ್ಲಿಲ್ಲ. ನನಗೆ ಇದ್ರು, ಅಷ್ಟೇ ವ್ಯತ್ಯಾಸ.

ಮಾರನೇ ದಿನ ಇವರಿಗೆ ನೆನಪಾಯ್ತು, ಮನೆ ಇನ್ಶೂರೆನ್ಸಲ್ಲಿ ಲೀಗಲ್ ಕವರ್ ಅಂತ ಸೇರಿಸಿದ್ವಿ, ಅದರಲ್ಲಿ ಫ್ರೀ ಸಲಹೆಗೆ ಒಂದು ಫೋನ್ ನಂಬರ್ ಇರುತ್ತೆ. ಆ ಕಡೆ ಮಾತಾಡಿದ ಹೆಂಗಸು ನಲವತ್ತು ನಿಮಿಷ ತಾಳ್ಮೆಯಿಂದ ಕೇಳಿದ್ರು. ಮೊದಲು ಹೇಳಿದ್ದು, ಸಾಲಿಸಿಟರ್ ಕಾಗದ ಅಂದ್ರೆ ಅವರ ಕಕ್ಷಿದಾರ ಹೇಳಿದ್ದನ್ನ ಬರೆದ ಕಾಗದ, ಕೋರ್ಟ್ ಆರ್ಡರ್ ಅಲ್ಲ. ಏಳು ದಿನ ಅನ್ನೋದು ಅವರು ಇಟ್ಟ ಗಡುವು, ಕಾನೂನು ಇಟ್ಟಿದ್ದಲ್ಲ. ಇಲ್ಲಿ ದಾವೆ ಹಾಕೋ ಮುಂಚೆ ಎರಡೂ ಕಡೆ ದಾಖಲೆ ಹಂಚ್ಕೊಂಡು ಮಾತಾಡಿ ಬಗೆಹರಿಸೋಕೆ ನೋಡಬೇಕು ಅಂತ ಕೋರ್ಟಿನ ನಿಯಮವೇ ಇದೆ, ಸರಳ ವಿಷಯಕ್ಕೂ ಉತ್ತರ ಕೊಡೋಕೆ 14 ದಿನ ಸಮಯ ಬಿಡೋದು ರೂಢಿ. ಆದ್ರೆ ನಿಜವಾಗ್ಲೂ ಕೋರ್ಟಿಂದ ದಾವೆ ಕಾಗದ ಬಂದ್ರೆ ಮಾತ್ರ ಒಂದು ದಿನವೂ ಮೂಲೆಗೆ ಹಾಕ್ಬೇಡಿ, 14 ದಿನದೊಳಗೆ ಉತ್ತರ ಹೋಗ್ಲೇಬೇಕು, ಇಲ್ಲಾಂದ್ರೆ ನಿಮ್ಮನ್ನ ಕೇಳದೇ ತೀರ್ಪು ಆಗಿಬಿಡಬಹುದು ಅಂದ್ರು. ಮತ್ತೆ, ಸಹಿ ಹಾಕ್ಬೇಡಿ, ಸಿಟ್ಟಲ್ಲಿ ಉತ್ತರ ಬರೀಬೇಡಿ, ಬೇಲಿ ಹತ್ರ ನಿಂತು ವಾದಕ್ಕೆ ಇಳೀಬೇಡಿ ಅಂತ. ಫೋನ್ ಇಟ್ಟ ಮೇಲೆ ಎಷ್ಟೋ ದಿನ ಆದ ಮೇಲೆ ಅನ್ನ ಸಾರು ರುಚಿ ಹತ್ತಿತು.

ಆಮೇಲೆ ದಾಖಲೆ ಹುಡುಕೋಕೆ ಕೂತ್ವಿ. ಅಪ್ಪಯ್ಯ, ಇದು ನಿಮಗೆ ಆಶ್ಚರ್ಯ ಆಗುತ್ತೆ. ನಮ್ಮಲ್ಲಿ ಸರ್ವೇ ನಂಬರ್, ಟಿಪ್ಪಣಿ, ಆಕಾರಬಂದ್ ಇರುತ್ತೆ, ಅರ್ಜಿ ಹಾಕಿದ್ರೆ ಸರ್ಕಾರಿ ಸರ್ವೇಯರ್ ಬಂದು ಹದ್ದುಬಸ್ತು ಮಾಡಿ ಕೊಡ್ತಾರೆ. ಇಲ್ಲಿ ಹಾಗೆ ಬಂದು ಕಲ್ಲು ನೆಡೋ ಸರ್ಕಾರಿ ಸರ್ವೇಯರ್ ಇಲ್ಲ. ಲ್ಯಾಂಡ್ ರಿಜಿಸ್ಟ್ರಿ ಅಂತ ಜಾಗದ ದಾಖಲೆ ಇಡೋ ಸರ್ಕಾರಿ ಕಚೇರಿಯಿಂದ ಫೀಸು ಕಟ್ಟಿದ್ರೆ ಪ್ಲಾನ್ ಸಿಗುತ್ತೆ, ನಾವು ತಗೊಂಡಾಗ 3 ಪೌಂಡ್ ಇತ್ತು, ನಮ್ದೂ ತಗೊಂಡ್ವಿ, ಅವರದ್ದೂ ತಗೊಂಡ್ವಿ, ಯಾರು ಬೇಕಾದ್ರೂ ತಗೋಬಹುದು. ಆದ್ರೆ ಅದರಲ್ಲಿರೋ ಕೆಂಪು ಗೆರೆ ಸುಮಾರಾಗಿ ಗಡಿ ಎಲ್ಲಿದೆ ಅಂತ ತೋರಿಸುತ್ತೆ ಅಷ್ಟೇ, ಇಂಚು ಲೆಕ್ಕಕ್ಕೆ ಅಲ್ಲ ಅಂತ ಅವರೇ ಹೇಳ್ತಾರೆ. ಊರೊಳಗಿನ ಪ್ಲಾನ್ 1:1250 ಅಳತೆಲಿ ಇರುತ್ತೆ, ಅಂದ್ರೆ ಕಾಗದದ ಮೇಲೆ ಒಂದು ಮಿಲಿಮೀಟರ್ ಅಂದ್ರೆ ನೆಲದ ಮೇಲೆ ಒಂದೂಕಾಲು ಮೀಟರ್. ಪಕ್ಕದವರು ಹೇಳೋ ಒಂಬತ್ತು ಇಂಚು ಆ ಗೆರೆ ದಪ್ಪದಲ್ಲೇ ಮುಳುಗಿಹೋಗುತ್ತೆ! ಅವರ ವಕೀಲರು ಕಳಿಸಿದ್ದು ಅದೇ ಪ್ಲಾನ್ ಮೇಲೆ ಸ್ಕೇಲ್ ಇಟ್ಟು ಗೀಚಿದ ಗೆರೆ. ಅದನ್ನ ನೋಡಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು, ಇಷ್ಟರ ಮೇಲೆ ನಿಂತ್ಕೊಂಡು ಒಂದು ಸಂಸಾರದ ನಿದ್ದೆ ಕೆಡಿಸಿದ್ರಲ್ಲ ಅಂತ.

ಹಳೇ ಕ್ರಯಪತ್ರದ ನಕ್ಷೆಲಿ ಆ ಗೆರೆ ಮೇಲೆ ಟಿ ಅಕ್ಷರದ ಗುರುತು ನಮ್ಮ ಕಡೆಗೆ ಇತ್ತು, ಅಂದ್ರೆ ಬೇಲಿ ಜವಾಬ್ದಾರಿ ನಮ್ಮ ಮನೆಗೆ ಸೇರಿದ್ದು. ಆದ್ರೆ ನಿಜವಾದ ಸಾಕ್ಷಿ ಸಿಕ್ಕಿದ್ದು ಮಣ್ಣಲ್ಲಿ. ಅಕ್ಟೋಬರ್ ಒಂದು ಶನಿವಾರ ಸೋನೆ ಮಳೆಲಿ ಇವರು ಬೇಲಿ ಬುಡದಲ್ಲಿ ನಮ್ಮ ಕಡೆಯಿಂದ ಬಗೆದು ನೋಡಿದ್ರು. ಹಳೇ ಕಂಬದ ಕಾಂಕ್ರೀಟ್ ಬುಡ ನಾಲ್ಕು ಹಾಗೇ ಇದ್ವು, ಕೆಲಸದವರು ಕೀಳೋಕೆ ಆಗದೇ ಪಕ್ಕಕ್ಕೇ ಹೊಸ ಕಂಬ ನೆಟ್ಟಿದ್ರು. ಮೂರು ಕಡೆ ಹೊಸ ಕಂಬ ಹಳೇ ಸಾಲಲ್ಲೇ ಇದೆ. ತುದಿಲಿರೋ ನಾಲ್ಕನೇದು ಮಾತ್ರ ಅವರ ಕಡೆಗೆ ಎರಡು ಇಂಚು ಸರಿದಿದೆ. ಅದು ನಮ್ಮ ತಪ್ಪೇ. ಇವರು ಅಳತೆ ಟೇಪ್ ಇಟ್ಟು ಫೋಟೋ ತೆಗೆದ್ರು, ಮನೆ ಮಾರಿದವರ ಜಾಹೀರಾತಲ್ಲಿದ್ದ ಹಳೇ ಫೋಟೋಗಳನ್ನೂ ಹುಡುಕಿ ಸೇವ್ ಮಾಡಿದ್ವಿ, ಅದರಲ್ಲೂ ಬೇಲಿ ಅವರ ಶೆಡ್ಡಿಂದ ಎಷ್ಟು ದೂರ ಇತ್ತು ಅಂತ ಕಾಣುತ್ತೆ.

ನಮ್ಮ ಕಡೆಯಿಂದ ಒಬ್ಬ ಸಾಲಿಸಿಟರ್ ಹತ್ರ ಒಂದೇ ಕಾಗದ ಬರೆಸಿದ್ವಿ, ಒಂದೂಕಾಲು ಪುಟ. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಹಳೇ ಬುಡ ಇಲ್ಲಿವೆ, ಫೋಟೋ ಇಲ್ಲಿವೆ, ನಾಲ್ಕನೇ ಕಂಬ ಎರಡು ಇಂಚು ತಪ್ಪಿದೆ, ಅದನ್ನ ನಮ್ಮ ಖರ್ಚಲ್ಲಿ ಸರಿ ಮಾಡ್ತೀವಿ, ಇನ್ನೂ ಸಂಶಯ ಇದ್ರೆ ಇಬ್ಬರೂ ಅರ್ಧರ್ಧ ಹಾಕಿ ಒಬ್ಬ ಸರ್ವೇಯರ್ ನೇಮಿಸೋಣ, ಮಧ್ಯಸ್ಥಿಕೆಗೂ ತಯಾರು ಅಂತ. ಆ ಎರಡು ಇಂಚು ಒಪ್ಕೊಳ್ಳೋದು ಬೇಡ, ಹಿಡ್ಕೊಂಡುಬಿಡ್ತಾರೆ ಅಂತ ಇಲ್ಲಿ ಫ್ರೆಂಡ್ಸ್ ಒಬ್ರು ಹೇಳಿದ್ರು. ನನಗೆ ಸರಿ ಅನ್ನಿಸ್ಲಿಲ್ಲ. ಅವರ ಜಾಗ ಅವರದ್ದೇ, ಎರಡು ಇಂಚಾದ್ರೂ. ನವೆಂಬರಲ್ಲಿ ಇಲ್ಲಿನ ಕೋರ್ಟ್ ಆಫ್ ಅಪೀಲ್ ಒಂದು ತೀರ್ಪು ಕೊಡ್ತು, ಅದೂ ಪಕ್ಕದ ಜಾಗದಿಂದ ನುಗ್ಗಿ ಬಂದ ಕಳೆಗಿಡದ ಜಗಳವೇ, ರಾಜಿ ಮಾತುಕತೆಗೆ ಹೋಗಿ ಅಂತ ಕೋರ್ಟು ಆದೇಶ ಮಾಡಬಹುದು, ದಾವೆನ ಅಷ್ಟು ದಿನ ತಡೆದೂ ಇಡಬಹುದು ಅಂತ. ನಾವು ಮೊದಲೇ ಮಧ್ಯಸ್ಥಿಕೆಗೆ ಕರೆದಿದ್ದು ಒಳ್ಳೇದಾಯ್ತು ಅಂತ ಸಾಲಿಸಿಟರ್ ಅಂದ್ರು.

ಮಧ್ಯೆ ಬೇರೆ ಬೆದರಿಕೆಗಳೂ ಬಂದ್ವು, ಅಮ್ಮಂಗೆ ಹೇಳಿರ್ಲಿಲ್ಲ. ರಾತ್ರಿ ಹನ್ನೊಂದಕ್ಕೆ ಇಮೇಲು, ಪೊಲೀಸಿಗೆ ಹೇಳ್ತೀನಿ, ನಿಮ್ಮ ವೀಸಾ ವಿಷಯ ಮೇಲಿನವರಿಗೆ ಬರೀತೀನಿ ಅಂತ. ಅದನ್ನ ಓದಿದ ದಿನ ನಾನು ಅತ್ತೆ. ಬೇಲಿ ಜಗಳ ಸಿವಿಲ್ ವಿಷಯ, ಪೊಲೀಸರ ಕೆಲಸ ಅಲ್ಲ, ನಮ್ಮ ಕಾಗದಪತ್ರ ಎಲ್ಲಾ ಸರಿ ಇದೆ ಅಂತ ಗೊತ್ತಿದ್ರೂ ಹೊರಗಿಂದ ಬಂದೋರಿಗೆ ಆ ಒಂದು ಮಾತು ಎಲ್ಲಿಗೆ ನಾಟುತ್ತೆ ಅಂತ ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದಕ್ಕೇ ಆಡಿದ್ದು. ಉತ್ತರ ಕೊಡ್ಲಿಲ್ಲ, ತಾರೀಖು ಟೈಮು ಸಮೇತ ನೋಟ್‌ಬುಕ್ಕಲ್ಲಿ ಬರೆದಿಟ್ಟೆ. ಹೀಗೇ ಮುಂದುವರಿದ್ರೆ 1997ರ ಕಿರುಕುಳ ತಡೆ ಕಾಯಿದೆ ಇದೆ, ಅದಕ್ಕೆ ಈ ನೋಟ್‌ಬುಕ್ಕೇ ಆಧಾರ ಅಂತ ಹೇಳಿದ್ರು. ಆಮೇಲೆ ಒಂದು ಕ್ಯಾಮರಾ ಹಾಕಿದ್ರು, ಸೀದಾ ನಮ್ಮ ತೋಟಕ್ಕೆ ಮುಖ ಮಾಡಿ, ಪುಟ್ಟಿ ಆಡೋ ಜಾಗಕ್ಕೆ. 2021ರಲ್ಲಿ ಆಕ್ಸ್‌ಫರ್ಡ್ ಕೌಂಟಿ ಕೋರ್ಟಲ್ಲಿ ಇಂಥದ್ದೇ ಒಂದು ಕೇಸು ಆಗಿದೆ, ಪಕ್ಕದ ಮನೆಯವರ ಚಲನವಲನ, ಮಾತು ರೆಕಾರ್ಡ್ ಆಗೋ ಹಾಗೆ ಕ್ಯಾಮರಾ ಇಟ್ಟಿದ್ದು ತಪ್ಪು ಅಂತ. ಅದನ್ನ ನಮ್ಮ ಸಾಲಿಸಿಟರ್ ಕಾಗದದ ಕೊನೆಗೆ ಎರಡು ಸಾಲಲ್ಲಿ ಹಾಕಿದ್ರು. ಹದಿನೈದು ದಿನದಲ್ಲಿ ಕ್ಯಾಮರಾ ಅವರ ಬಾಗಿಲ ಕಡೆಗೆ ತಿರುಗಿತು.

ನಮ್ಮ ಕಾಗದಕ್ಕೆ ಐದು ವಾರ ಉತ್ತರ ಇಲ್ಲ. ಆಮೇಲೆ ಎರಡು ಸಾಲು ಬಂತು, ತುದಿ ಕಂಬ ಸರಿ ಮಾಡಿದ್ರೆ ಸದ್ಯಕ್ಕೆ ಮುಂದುವರಿಸಲ್ಲ ಅಂತ. ಡಿಸೆಂಬರಲ್ಲಿ ಕಂಬ ಕೀಳಿಸಿ ಸರಿಯಾಗಿ ನೆಡಿಸಿದ್ವಿ, ಅದಕ್ಕೂ ಫೋಟೋ. ಇಲ್ಲಿ ಸಾಮಾನ್ಯವಾಗಿ ಸೋತವರು ಗೆದ್ದವರ ವಕೀಲರ ಖರ್ಚಲ್ಲೂ ಬಹುಪಾಲು ಕೊಡಬೇಕಾಗುತ್ತೆ, ಮನೆ ಮಾರೋವಾಗ ಪಕ್ಕದವರ ಜೊತೆ ಜಗಳ ಇತ್ತಾ ಅಂತ ಫಾರ್ಮಲ್ಲಿ ಬರೆದುಕೊಡಬೇಕು, ಅವರಿಗೂ ಇದನ್ನೆಲ್ಲಾ ಯಾರೋ ತಿಳಿಸಿ ಹೇಳಿರಬೇಕು.

ಇನ್ನು ರೂಮಿನ ವಿಷಯ. ಪಾರ್ಟಿ ವಾಲ್ ನೋಟಿಸಿಗೆ 14 ದಿನದಲ್ಲಿ ಒಪ್ಪಿಗೆ ಬರ್ಲಿಲ್ಲ ಅಂದ್ರೆ ಆ ಕಾಯಿದೆ ಪ್ರಕಾರ ತಕರಾರು ಇದೆ ಅಂತಲೇ ಲೆಕ್ಕ. ಆಮೇಲೆ ಅವರಿಗೆ ಸರ್ವೇಯರ್ ನೇಮಿಸಿ ಅಂತ ಇನ್ನೊಂದು ಕಾಗದ, 10 ದಿನದಲ್ಲಿ ನೇಮಿಸದಿದ್ರೆ ಅವರ ಪರವಾಗಿ ನಾವೇ ಒಬ್ಬರನ್ನ ನೇಮಿಸಬಹುದು. ಹತ್ತನೇ ದಿನ ಅವರೇ ಒಬ್ಬರನ್ನ ಹಾಕಿದ್ರು, ಫೀಸು ನಮ್ದೇ. ಆ ಸರ್ವೇಯರ್ ಅವರ ಮನೆ ಒಳಗೆ ಹೋಗಿ ಈಗ ಇರೋ ಬಿರುಕು, ಗಾರೆ ಎಲ್ಲಾ ಫೋಟೋ ತೆಗೆದು ಪಟ್ಟಿ ಮಾಡಿದ್ರು, ನಮ್ಮ ಕೆಲಸದಿಂದ ಹೊಸ ಬಿರುಕು ಬಂದ್ರೆ ನಾವು ಕಟ್ಟಿಕೊಡಬೇಕು. ಇದು ಸರಿಯಾದ ನಿಯಮ ಅಂತ ನನಗೆ ಅನ್ಸುತ್ತೆ, ಅವರ ಗೋಡೆ ಬಗ್ಗೆ ಅವರಿಗೆ ಹೆದರಿಕೆ ಇರೋದು ತಪ್ಪಲ್ಲ, ಆ ಹೆದರಿಕೆನ ಬಾಯಿಬಿಟ್ಟು ಹೇಳೋದು ಬಿಟ್ಟು ನಮ್ಮನ್ನ ಹೆದರಿಸಿದ್ದು ತಪ್ಪು. ಹೋದ ವಾರ ನಮ್ಮ ಸರ್ವೇಯರ್, ಅವರ ಸರ್ವೇಯರ್ ಇಬ್ಬರೂ ತೀರ್ಮಾನದ ಪತ್ರಕ್ಕೆ ಸಹಿ ಹಾಕಿ ಕೊಟ್ರು. ಮಾರ್ಚ್ ಎರಡನೇ ವಾರ ತೋಡೋಕೆ ಶುರು.

ಈಗಲೂ ಅವರು ಮಾತಾಡಲ್ಲ. ಪುಟ್ಟಿ ಬಾಲು ಆಚೆ ಹೋದ್ರೆ ವಾಪಸ್ ಬರಲ್ಲ. ನಾನು ಎದುರು ಸಿಕ್ಕಿದಾಗ ಗುಡ್ ಮಾರ್ನಿಂಗ್ ಅಂತೀನಿ, ಅವರು ಅನ್ನಲ್ಲ, ಪರವಾಗಿಲ್ಲ.

ಅಪ್ಪಯ್ಯ, ಮೇಲಿನ ತೋಟದ ಆ ರಾಜಿ ಪತ್ರದ ಕಾಪಿ, ಸರ್ವೇ ಸ್ಕೆಚ್ಚು, ಪಹಣಿ ಎಲ್ಲಾ ತಮ್ಮನ ಹತ್ರ ಕೊಡಿ, ಸ್ಕ್ಯಾನ್ ಮಾಡಿ ಇಡ್ಲಿ. ಏನು ಮಾಡೋದು ಬಿಡೋದು ನಿಮ್ಮಿಷ್ಟ, ನಾನು ಒತ್ತಾಯ ಮಾಡಲ್ಲ, ಶಿವಮೊಗ್ಗದಲ್ಲಿ ಒಳ್ಳೇ ವಕೀಲರಿಗೆ ಒಂದ್ಸಲ ತೋರಿಸಿದ್ರೆ ಸಾಕು. ಮುಂದೆ ಯಾವ ನೋಟಿಸ್ ಬಂದ್ರೂ ಒಬ್ಬರೇ ಇಟ್ಕೋಬೇಡಿ, ಅವತ್ತೇ ಫೋಟೋ ತೆಗೆದು ನಮಗೆ ಕಳಿಸಿ, ಇದು ಮಾತ್ರ ಒತ್ತಾಯ.

ಅಮ್ಮಾ, ನಿಂಗೆ ಒಂದು ಕೆಲಸ. ಈಗ ಮಲಗೋ ಮಂಚದ ಮೇಲೆ ಕೂತ್ಕೊಂಡು ಪಾದ ನೆಲಕ್ಕೆ ಸರಿಯಾಗಿ ಊರುತ್ತಾ ನೋಡು, ಹಾಸಿಗೆ ಸೇರಿಸಿ ನೆಲದಿಂದ ಎಷ್ಟು ಇಂಚು ಅಂತ ಅಪ್ಪಯ್ಯನ ಹತ್ರ ಟೇಪಲ್ಲಿ ಅಳೆಸು. ಬಾತ್‌ರೂಮಲ್ಲಿ ಕೈಹಿಡಿ ಎಷ್ಟು ಎತ್ತರಕ್ಕೆ ಬೇಕು ಅನ್ನೋದನ್ನೂ. ಫೆಬ್ರವರಿ ಮುಗಿಯೋದ್ರೊಳಗೆ ಮೇಸ್ತ್ರಿಗೆ ಹೇಳಬೇಕು.

ನಿಮ್ಮ ಮಗಳು